ಮೂರು ಹೆಜ್ಜೆ ನಡೆದ ಕರು

"ಅಮ್ಮಾ, ಸಾಲ್ಮೆ ಅಜ್ಜಿ ಕಲ್ಲಿಗೆ ಯಾಕೆ ಬೈತಾ ಇದ್ದಾರೆ?"

ಲೀಸಿ ಹಿತ್ತಿಲ ಬಾಗಿಲಲ್ಲಿ ನಿಂತು ಹೀಗೆ ಕೇಳಿದಾಗ ಪಿರೆತ್ ಹಾಸಿಗೆಯ ಬಿಳಿ ಹೊದಿಕೆಗಳನ್ನು ಹಿಂಡುತ್ತಿದ್ದಳು. ಐದು ವರ್ಷದ ಮಗಳ ಕೆಂಪು ಕೈಗವಸಿನ ಹೆಬ್ಬೆರಳಿಗೆ ನೀಲಿ ಬಣ್ಣ ಮೆತ್ತಿಕೊಂಡಿತ್ತು. ಅದು ಉಗುರುಬೆಚ್ಚನೆಯ ನೀರಿಗೆ ಹೋದೀತೋ ಸೋಪು ಬೇಕಾದೀತೋ ಎಂದು ಮೊದಲು ಯೋಚಿಸಿ, ಆಮೇಲೆ ಅವಳು ಪ್ರಶ್ನೆಗೆ ಬಂದಳು.

"ಯಾವ ಕಲ್ಲಿಗೆ?"

"ಕರುವಿಗೆ. 'ನಿನ್ನ ಜಾಗ ಬಿಟ್ಟು ಎಲ್ಲಿಗೆ ಹೊರಟೆ ಕತ್ತೆ' ಅಂತ. ಕರು ಕತ್ತೆ ಹೇಗಾಗುತ್ತಮ್ಮ?"

ಪಿರೆತ್ ನಗಲಿಲ್ಲ. ಹೋದ ವಾರವಷ್ಟೇ ಸಾಲ್ಮೆ ಅಂಗಡಿಯಲ್ಲಿ ಗೂಟಕ್ಕೆ ತೂಗುಹಾಕಿದ್ದ ಕೋಟಿಗೆ ನಮಸ್ಕಾರ ಹೇಳಿ, ಅದರ ಹೆಂಡತಿಯ ಆರೋಗ್ಯ ವಿಚಾರಿಸಿದ್ದಳು. ಅದಕ್ಕೂ ಮುಂಚೆ ಕಾಫಿಗೆ ಉಪ್ಪು ಹಾಕಿಕೊಂಡು, ರುಚಿಯೇ ತಿಳಿಯದವಳಂತೆ ಕುಡಿದಿದ್ದಳು. ಊರಿನವರು ಕಣ್ಣಲ್ಲೇ ಮಾತಾಡಿಕೊಳ್ಳಲು ಶುರುಮಾಡಿದ್ದರು. ಪಿರೆತ್ ಹೊದಿಕೆಯನ್ನು ಹಗ್ಗದ ಮೇಲೆ ಹಾಗೇ ಎಸೆದು ದಂಡೆಗೆ ನಡೆದಳು.

ತೂಲೆನೀನ ಎಂಬ ಆ ಮೀನುಗಾರರ ಊರಿನ ದಂಡೆಯಲ್ಲಿ ಮನೆಗಳಿಗಿಂತ ಕಲ್ಲುಗಳೇ ಹೆಚ್ಚು. ಲೋಕವೆಲ್ಲ ಮಂಜುಗಡ್ಡೆಯಾಗಿದ್ದ ಕಾಲದಲ್ಲಿ ಆ ಮಂಜುಗಡ್ಡೆ ಕಡಲಾಚೆಯ ಫಿನ್ಲೆಂಡಿನ ಬೆಟ್ಟಗಳನ್ನು ಕಿತ್ತು, ಸಮುದ್ರದ ತಳದ ಮೇಲೆ ಎಳೆದು ತಂದು, ಕರಗುವಾಗ ಇಲ್ಲೇ ಬಿಟ್ಟುಹೋಯಿತೆಂದು ಶಾಲೆಯಲ್ಲಿ ಎಲ್ಲರೂ ಓದಿದ್ದಾರೆ. ದಂಡೆಯ ಮೇಲಿರುವುದು ಹೋರಿ, ಒಂದು ಕೊಟ್ಟಿಗೆಯಷ್ಟು ದೊಡ್ಡದು. ಅದರ ಮುಂದೆ ನೂರು ಹೆಜ್ಜೆ ನೀರಿನೊಳಗೆ, ಆಳೆತ್ತರ ನಿಂತಿರುವುದು ಕರು. ಇನ್ನೂ ಆಚೆ, ನೀರಿನಡಿ ಬೆನ್ನಷ್ಟೇ ತೋರಿಸುತ್ತ ಮಲಗಿರುವ ಸಾಲುಕಲ್ಲುಗಳಿಗೆ ಕುರಿಹಿಂಡು ಎಂದು ಹೆಸರು. ಆ ಹಿಂಡಿನ ನಡುವೆ ಹತ್ತು ಹೆಜ್ಜೆ ಅಗಲದ ಒಂದೇ ಒಂದು ದಾರಿ. ಸಮುದ್ರದಿಂದ ಬರುವವರಿಗೆ ಕರು ಸರಿಯಾಗಿ ಹೋರಿಯ ಗದ್ದದಡಿ ಕಾಣಬೇಕು. ಕಂಡರೆ ನೇರ ಬರಬಹುದು, ಕಾಣದಿದ್ದರೆ ಬರಬಾರದು. ಹೋರಿ-ಕರುವಿನ ಈ ಗೆರೆ, ತೂಲೆನೀನದ ಗಂಡಸರಿಗೆ ಇಷ್ಟೇ ನಕ್ಷೆ.

ಸಾಲ್ಮೆ ದಂಡೆಯಲ್ಲಿ ಹುಗಿದ ತನ್ನ ಕಂಬದ ಪಕ್ಕ ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು ಕೂತಿದ್ದಳು. ಹಲಗೆಯ ಮೇಲೆ ಕಲ್ಲುಗಳ ಚಿತ್ರ ಬರೆದ ಕಾಗದ ಇನ್ನೂ ಒದ್ದೆಯಿತ್ತು.

"ಬಂದ್ಯಾ ಪಿರೆತ್? ನೋಡು ಈ ಅಲೆಮಾರೀನ. ಚಳಿಗಾಲದಲ್ಲಿ ಎದ್ದು ನಡೆದುಬಿಟ್ಟಿದ್ದಾನೆ."

ಪಿರೆತ್ ನೋಡಿದಳು. ಹೋರಿ ಹೋರಿಯಂತೆ ಇತ್ತು. ಕರು ಕರುವಿನಂತೆ ಇತ್ತು.

"ಅಲ್ಲೇ ಇದೆಯಲ್ಲ ಅಜ್ಜಿ."

"ಅಲ್ಲೇ ಅಂದ್ರೆ ಎಲ್ಲಿ? ನಡುಗಡ್ಡೆಯ ಒಂಟಿ ಪೈನ್ ಮರ ಕಾಣ್ತಿದೆ ನನ್ನ ಕಂಬದಿಂದ. ನಲವತ್ಮೂರು ವರ್ಷದಲ್ಲಿ ಒಂದು ದಿನ ಕಂಡಿಲ್ಲ, ಕರು ಮರೆಮಾಡ್ತಿತ್ತು. ನಿನ್ನ ಗಂಡನಿಗೆ ಹೇಳು, ಗೆರೆ ಕೆಟ್ಟಿದೆ ಅಂತ. ಇಲ್ಲಿ ಮೂರು ಹೆಜ್ಜೆ ತಪ್ಪಿದ್ರೆ ಹಿಂಡಿನ ಹತ್ತಿರ ಏಳೆಂಟು ಹೆಜ್ಜೆ ತಪ್ಪುತ್ತೆ."

ಸಾಲ್ಮೆಗೆ ಎಪ್ಪತ್ತನಾಲ್ಕು. ಮೂವತ್ತು ವರ್ಷ ಸಾಮೂಹಿಕ ಸಂಘದ ಹೊಗೆಮನೆಯಲ್ಲಿ, ಹೊಗೆಗೆ ಒಣಗಿಸಲು, ಪುಟ್ಟ ಮೀನುಗಳನ್ನು ಸರಳಿಗೆ ಪೋಣಿಸಿದವಳು; ಈಗಲೂ ಅವಳ ಬೆರಳು ಮೂಸಿದರೆ ಆಲ್ಡರ್ ಮರದ ಹೊಗೆಯ ವಾಸನೆ. ಅವಳು ಕಲ್ಲು ಬರೆಯಲು ಕೂತದ್ದು ಚಿತ್ರದ ಹುಚ್ಚಿನಿಂದಲ್ಲ. ಊರಿನವರು ಕಡಲು ದಾಟಿ ಓಡಿಹೋದಾರೆಂದು ಗಡಿಕಾವಲಿನ ಸೈನಿಕರು ದೋಣಿಗಳನ್ನೆಲ್ಲ ಕಿತ್ತುಕೊಂಡ ವರ್ಷ, ಅವಳ ಗಂಡ ಏವಾಲ್ಡ್ ಸಂಜೆ ಊಟದ ಮುಂದೆ ಕೂತು ಹೇಳಿದ್ದನಂತೆ: "ಗೆರೆ ಮರೆತುಹೋಗುತ್ತೆ ಸಾಲ್ಮೆ. ಕಾಗದದ ಮೇಲಾದ್ರೂ ಇರಲಿ. ಮುಂದೆ ಯಾರಿಗಾದ್ರೂ ಬೇಕಾದೀತು." ಮರುದಿನ ಅವನು ದಂಡೆಯಲ್ಲಿ ಓಕ್ ಮರದ ಕಂಬವೊಂದನ್ನು ಹುಗಿದು ಅದರ ತಲೆಯಲ್ಲಿ ಒಂದು ಕಚ್ಚು ಕೊರೆದ. ಗಲ್ಲವನ್ನು ಆ ಕಚ್ಚಿನಲ್ಲಿ ಊರಿ, ಒಂದೇ ಜಾಗದಿಂದ, ಒಂದೇ ಅಳತೆಯ ಕಾಗದದ ಮೇಲೆ, ಪ್ರತಿವರ್ಷ ಮಂಜುಗಡ್ಡೆ ಒಡೆದು ಹೋದ ವಾರ ಅವಳು ಬರೆಯಬೇಕು. ಬರೆದಳು. ಏವಾಲ್ಡ್ ತೀರಿಕೊಂಡ ಮೇಲೂ ಬರೆದಳು.

ಬರೆಯುವ ನೀರು ಹೋರಿಯ ಬೆನ್ನಿನ ಗುಂಡಿಯದೇ ಆಗಬೇಕು. ಅಲ್ಲಿ ನಿಂತ ಮಳೆನೀರನ್ನು ಬಟ್ಟಲಲ್ಲಿ ಮೊಗೆದುಕೊಂಡೇ ಅವಳು ಕೂರುವುದು. ಶಾಲೆಮಕ್ಕಳ ಹನ್ನೆರಡು ಬಿಲ್ಲೆಯ ಬಣ್ಣದ ಡಬ್ಬಿ. ಅದರಲ್ಲಿ ಬೂದು ಬಣ್ಣದ ಬಿಲ್ಲೆ ಮಾತ್ರ ಕೊಂಡ ದಿನದಂತೆಯೇ ಇರುತ್ತದೆ. "ಕಲ್ಲು ಬೂದು ಅಂದವರು ಕಲ್ಲು ನೋಡಿಲ್ಲ" ಎನ್ನುವಳು. ಮೊದಲು ಕಾಗದವನ್ನೆಲ್ಲ ಒದ್ದೆಮಾಡಿ, ಮಾಂಸದಂಥ ಕೆಂಪನ್ನು ಹರಿಯಬಿಟ್ಟು, ಅದು ಒಣಗುವ ಮುಂಚೆ ನೀಲಿ, ಆಮೇಲೆ ಪಾಚಿಯ ಹಸಿರು. ಬಿಳಿ ಬೇಕಾದಲ್ಲಿ ಕುಂಚವನ್ನೇ ಮುಟ್ಟಿಸುವುದಿಲ್ಲ. ಬಿಟ್ಟ ಕಾಗದವೇ ಬಿಳಿ.

ಒಂದು ವಸಂತದಲ್ಲಿ ಎಳೆಯ ಸೈನಿಕನೊಬ್ಬ ಹಾಳೆ ಕಿತ್ತುಕೊಂಡು ಹೋಗಿದ್ದ, ಗಡಿಯ ನಕ್ಷೆ ಬರೆಯುತ್ತಿದ್ದಾಳೆಂದು. ಅವನ ಅಧಿಕಾರಿ ತಿರುಗಿಸಿ ಮುರುಗಿಸಿ ನೋಡಿ, "ಏನಿದು, ಆಲೂಗಡ್ಡೆಯಾ?" ಎಂದನಂತೆ. "ಹೌದು ಸ್ವಾಮಿ, ಆಲೂಗಡ್ಡೆ" ಎಂದಳಂತೆ ಸಾಲ್ಮೆ. ಹಾಳೆ ಮಾತ್ರ ವಾಪಸು ಬರಲಿಲ್ಲ. ನಿಜ ಹೇಳಬೇಕೆಂದರೆ ಆ ಸೈನಿಕನೇ ಸರಿ. ಅದು ನಕ್ಷೆಯೇ ಆಗಿತ್ತು. ಕಾವಲಿನವರು ಹೋಗಿ, ಊರಿಗೆ ಮತ್ತೆ ದೋಣಿಗಳು ಬಂದು ಎರಡು ಬೇಸಿಗೆ ಕಳೆದಿದ್ದವು. ಪಿರೆತ್‌ಳ ಗಂಡ ರೈವೊ ಮತ್ತು ಅವನ ಚಿಕ್ಕಪ್ಪ ಏರಿಕ್ ಆ ಗೆರೆಯನ್ನು ಮರಳಿ ಕಲಿತದ್ದು ಸಾಲ್ಮೆಯ ಅಡುಗೆಮನೆಯಲ್ಲಿ, ಅವಳ ಹಾಳೆಗಳನ್ನು ನೋಡಿಯೇ. ಅದನ್ನು ಈಗ ಇಬ್ಬರೂ ಮರೆತಿದ್ದರು.

ಸಂಜೆ ಬಲೆಮನೆಯಲ್ಲಿ ಪಿರೆತ್ ವಿಷಯ ತೆಗೆದಾಗ ಏರಿಕ್ ಬಲೆಯ ಗಂಟಿನಿಂದ ತಲೆಯೆತ್ತಲಿಲ್ಲ.

"ಕಲ್ಲು ನಡೀತಂತಾ? ಫಿನ್ಲೆಂಡಿಗೆ ವಾಪಸ್ ಹೊರಟಿರಬೇಕು. ಬರೋವಾಗ ವೀಸಾ ಇಲ್ದೆ ಬಂದದ್ದು, ಈಗ ಸಿಕ್ತೇನೋ."

"ತಮಾಷೆ ಬೇಡ ಮಾವ. ಪೈನ್ ಮರ ಕಾಣ್ತಿದೆ ಅಂತಾರೆ."

"ಮರ ಅಂದ್ಮೇಲೆ ಬೆಳೆಯಲ್ವೇನೆ?" ಎಂದ ರೈವೊ.

"ಅವಳಿಗೆ ಕೋಟಿನಲ್ಲಿ ಗಂಡಸು ಕಾಣ್ತಾನೆ, ಮರ ಕಾಣೋದೇನು ಹೆಚ್ಚು," ಏರಿಕ್ ಹಲ್ಲಿನಿಂದ ದಾರ ಕಡಿದ. "ನಮ್ಮಜ್ಜ ಆ ಗೆರೆ ಹಿಡಿದು ಬಂದ, ಅವನಜ್ಜನೂ ಬಂದ. ಹತ್ತು ಸಾವಿರ ವರ್ಷ ಕೂತಲ್ಲೇ ಕೂತಿದ್ದು, ಸಾಲ್ಮೆ ಕಣ್ಣಿಗೆ ಪೊರೆ ಬಂದ ವರ್ಷಾನೇ ನೋಡ್ಕೊಂಡು ಎದ್ದು ನಡೀತಾ?"

 ಪಿರೆತ್‌ಗೂ ಹಾಗೇ ಅನ್ನಿಸಿತ್ತು.

"ನಾಳೆ ಹೇಗೂ ದೋಣಿ ತರ್ತೀವಲ್ಲ," ರೈವೊ ಸಮಾಧಾನ ಹೇಳಿದ. ದೋಣಿ ಚಳಿಗಾಲವಿಡೀ ಆಚೆ ಕೊಲ್ಲಿಯ ಬಂದರಿನಲ್ಲಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ, ಬಂದರಿನವರು ಹಿಂದಿನ ದಿನವೇ ಹಾಕಿಟ್ಟಿದ್ದ ವರ್ಷದ ಮೊದಲ ಬಲೆಯನ್ನು ದಾರಿಯಲ್ಲಿ ಎತ್ತಿಕೊಂಡು, ಮಧ್ಯಾಹ್ನ ಮೂರಕ್ಕೆ ಮನೆ ಸೇರುವುದೆಂದು ಮಾತಾಗಿತ್ತು. "ಕರು ಕೈ ಬೀಸಿದ್ರೆ ನಾವೂ ಬೀಸ್ತೀವಿ."

ಮಲಗಿದ ಮೇಲೂ ಪಿರೆತ್‌ಳ ತಲೆಯೊಳಗೆ ಲೆಕ್ಕ ನಿಲ್ಲಲಿಲ್ಲ. ಏಪ್ರಿಲ್‌ನ ನೀರು ಮೂರು ಡಿಗ್ರಿ. ಅದರಲ್ಲಿ ಬಿದ್ದ ಮನುಷ್ಯ ಒಲೆಯ ಮೇಲಿಟ್ಟ ಕೆಟಲ್ ಕುದಿಯುವಷ್ಟು ಹೊತ್ತು ಕೈ ಆಡಿಸಬಲ್ಲ, ಅಷ್ಟೇ. ಮೀನು ತುಂಬಿದ ದೋಣಿ ಆಳಕ್ಕೆ ಕೂತಿರುತ್ತದೆ. ಪಕ್ಕದಲ್ಲಿ ರೈವೊ ನಿಶ್ಚಿಂತೆಯಿಂದ ಗೊರಕೆ ಹೊಡೆಯುತ್ತಿದ್ದ. ಆ ಗೊರಕೆಯ ಮೇಲೂ ಅವಳಿಗೆ ಸಿಟ್ಟು ಬಂತು.

ಬೆಳಿಗ್ಗೆ ಗಂಡಸರು ಬಸ್ಸು ಹಿಡಿದ ಮೇಲೆ ಅವಳು ಗಂಜಿ ತಳ ಹತ್ತಿಸಿದಳು. ಹತ್ತು ಗಂಟೆಗೆ ಲೀಸಿಯ ಕೈ ಹಿಡಿದು ಸಾಲ್ಮೆಯ ಮನೆಯ ಬಾಗಿಲು ತಟ್ಟಿದಳು.

"ಹಾಳೆ ತೋರಿಸಿ ಅಜ್ಜಿ. ಈ ವರ್ಷದ್ದು, ಹೋದ ವರ್ಷದ್ದು."

ಸಾಲ್ಮೆ ಹಿಟ್ಟಿನ ಪೆಟ್ಟಿಗೆಯಿಂದ ಹಾಳೆಗಳ ಕಟ್ಟು ತೆಗೆದಳು. ಪಿರೆತ್ ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತಿದಳು. ಬೆಳಕು ಎರಡನ್ನೂ ಹಾದು ಬಂತು. ಹೋರಿಯ ಮೇಲೆ ಹೋರಿ ಕೂತಿತು. ದೂರದ ದೀಪಸ್ತಂಭದ ಮೇಲೆ ದೀಪಸ್ತಂಭ ಕೂತಿತು. ಕರು ಮಾತ್ರ ಎರಡು ತಲೆಯ ಪ್ರಾಣಿಯಾಯಿತು. ಹಳೆಯದರ ಪಕ್ಕದಿಂದ ಹೊಸದು ಬೆರಳಗಲ ಹೊರಗೆ ಇಣುಕುತ್ತಿತ್ತು. ಕರು ಬಿಟ್ಟುಹೋದ ಖಾಲಿ ಜಾಗದಲ್ಲಿ ಕಡ್ಡಿಯಷ್ಟು ಒಂದು ಮರ.

"ಕೈ ನಡುಗಿರಬಹುದಲ್ಲ ಅಜ್ಜಿ?" ಪಿರೆತ್ ಮೆತ್ತಗೆ ಕೇಳಿದಳು.

"ನಡುಗಿರಬಹುದು. ಹೋಗಿ ಕಚ್ಚಿನಲ್ಲಿ ನಿನ್ನ ಗಲ್ಲ ಇಡು. ಅದು ನಡುಗಲ್ಲ."

ಪಿರೆತ್ ಹೋದ ವರ್ಷದ ಹಾಳೆಯನ್ನೂ ಎತ್ತಿಕೊಂಡು ಓಡಿದಳು. ಮೊದಲು ಕಂಬವನ್ನೇ ಅಲ್ಲಾಡಿಸಿ ನೋಡಿದಳು. ನೆಲ ಹೆಪ್ಪುಗಟ್ಟಿ ಉಬ್ಬಿದಾಗ ಬೇಲಿಗೂಟಗಳೆಲ್ಲ ವಾಲುವುದುಂಟು. ಕಂಬ ಕದಲಲಿಲ್ಲ. ಗಲ್ಲ ಊರಿದಳು. ಹೋರಿಯ ಬೆನ್ನಿನ ಕೊನೆಗೆ ದೀಪಸ್ತಂಭ ತಾಗಿತ್ತು, ಹಾಳೆಯಲ್ಲಿದ್ದಂತೆಯೇ. ಕರುವಿನ ಬಲಕ್ಕೆ, ನೀರಿನಾಚೆಯ ನಡುಗಡ್ಡೆಯಲ್ಲಿ, ಬುಡದಿಂದ ತುದಿಯವರೆಗೆ ಇಡೀ ಪೈನ್ ಮರ ನಿಂತಿತ್ತು. ಮರ ಮೇಲಕ್ಕೆ ಬೆಳೆದೀತು, ಒಂದು ವರ್ಷದಲ್ಲಿ ಪಕ್ಕಕ್ಕೆ ಬೆಳೆಯುವುದೆಲ್ಲಿ ಬಂತು? ಅವಳು ಹುಟ್ಟಿದಾಗಿನಿಂದ ಈ ದಂಡೆಯಲ್ಲೇ ಬಟ್ಟೆ ಒಣಗಿಸಿದವಳು. ಕರು ಎಲ್ಲಿದೆಯೆಂದು ಒಂದು ದಿನವೂ ನೋಡಿರಲಿಲ್ಲ.

ಆದರೂ ಏರಿಕ್‌ನ ನಗು ಕಿವಿಯಲ್ಲೇ ಇತ್ತು. ಬಲೆಮನೆಯಿಂದ ರೈವೊನ ಹಳೆಯ ತೊಡೆಯುದ್ದದ ರಬ್ಬರ್ ಬೂಟು ತಂದು, ಪಾದಕ್ಕೆ ಹುಲ್ಲು ತುರುಕಿ, ಕುಂಟೆಕೋಲು ಊರಿಕೊಂಡು ಅವಳು ನೀರಿಗಿಳಿದಳು. ಚಳಿ ರಬ್ಬರನ್ನು ಹಾದು ಎಲುಬಿಗೇ ಕಚ್ಚಿತು. ಕರುವಿನ ಬಳಿ ಹೋಗುವಷ್ಟರಲ್ಲಿ ನೀರು ತೊಡೆಗೆ ಬಂದಿತ್ತು. ಕಲ್ಲಿನ ಹಿಂದೆ ತಳದ ಮರಳಿನಲ್ಲಿ ನೇಗಿಲು ಹೊಡೆದಂಥ ಒಂದು ಗೆರೆ. ಅದರ ಕೊನೆಯಲ್ಲಿ ಕರು ಮೊದಲು ಕೂತಿದ್ದ ಹೊಂಡ, ಒಳಗೆ ಈ ಚಳಿಗಾಲದ ಕಡಲಹುಲ್ಲು. ಪಿರೆತ್ ಕೋಲಿನಿಂದ ಅಳೆದಳು. ಮೂರು ಹೆಜ್ಜೆ, ಮೇಲೆ ಒಂದು ಗೇಣು. ಮಂಜುಗಡ್ಡೆ ಈ ಕಲ್ಲನ್ನು ಹಿಡಿದೆತ್ತಿ ಎಳೆದಿತ್ತು, ಹಿಂದೊಮ್ಮೆ ಎಳೆದು ತಂದಂತೆಯೇ.

ಅಂಗಡಿಯ ಫೋನಿನಿಂದ ಬಂದರಿಗೆ ಕರೆಮಾಡಿದಳು. "ಅವರಾ? ಗಂಟೆ ಮೇಲಾಯ್ತಲ್ಲ ತಾಯಿ, ಬಲೆ ಕಡೆ ಹೋದರು" ಎಂದಿತು ಆ ಕಡೆಯ ದನಿ. "ಮಂಜು ಕವೀತಿದೆ, ಬೇಗ ಬಂದ್ಬಿಡ್ತಾರೆ ಬಿಡಿ."

ಅಂಗಡಿಯಿಂದ ಹೊರಬರುವಾಗ ನಡುಗಡ್ಡೆ ಮಾಯವಾಗಿತ್ತು.

ಬೆಚ್ಚಗಿನ ಗಾಳಿ ತಣ್ಣನೆಯ ನೀರಿನ ಮೇಲೆ ಹರಿದಾಗ ಏಳುವ ಮಂಜು ಅದು. ಹತ್ತಿ ಹಿಂಜಿದಂತೆ ಏಳುತ್ತದೆ, ತೆಳುವಾಗುತ್ತದೆ, ಮತ್ತೆ ಕವಿಯುತ್ತದೆ. ಮರ, ಮನೆ ಯಾವುದೂ ಕಾಣುವುದಿಲ್ಲ. ಹತ್ತಿರ ಬಂದವರಿಗೆ ಎರಡು ಕರಿಯ ಕಲ್ಲು ಮಾತ್ರ ಕಾಣುತ್ತವೆ. ಗಂಡಸರು ಇಂಥ ದಿನ ಬೇರೇನನ್ನೂ ನೋಡುವುದಿಲ್ಲ, ಆ ಎರಡು ಕಲ್ಲನ್ನೇ ನಂಬಿ ಬರುತ್ತಾರೆ.

ಪಿರೆತ್ ಹಗ್ಗದಿಂದ ಒಂದು ಬಿಳಿ ಹೊದಿಕೆ ಎಳೆದು ಕುಂಟೆಕೋಲಿಗೆ ಕಟ್ಟತೊಡಗಿದಳು, ಹೊಂಡದಲ್ಲಿ ತಾನೇ ನಿಂತು ಬೀಸುವುದೆಂದು. ಸಾಲ್ಮೆ ದಂಡೆಯ ಮೇಲೆ ನಿಂತು ನೋಡುತ್ತಿದ್ದಳು.

"ಮಂಜಿನಲ್ಲಿ ಬಿಳಿ ಬೀಸ್ತೀಯಾ ಹುಡುಗಿ? ನನಗೊಬ್ಬಳಿಗೇ ಕಣ್ಣಿಲ್ಲ ಅಂದ್ಕೊಂಡಿದ್ದೆ."

ಪಿರೆತ್‌ಳ ಕೈ ನಿಂತಿತು. ನಿಜ, ಬಿಳಿ ಯಾರಿಗೆ ಕಾಣುತ್ತದೆ?

"ಬಿಳಿಯನ್ನ ಕರುವಿಗೆ ಹೊದಿಸು," ಎಂದಳು ಸಾಲ್ಮೆ. "ಕಾಗದ ಬಿಟ್ಟ ಹಾಗೆ ಬಿಡು ಅದನ್ನ. ಇಲ್ಲದ ಹಾಗೆ ಆಗ್ಲಿ. ಬಣ್ಣ ಹಳೇ ಜಾಗದಲ್ಲಿ ಹಿಡಿ."

ಎರಡು ದೊಡ್ಡ ಹೊದಿಕೆಗಳ ಅಂಚು ಗಂಟುಹಾಕಿ, ಹಾಸಿಗೆಯಿಂದ ಕೆಂಪುಪಟ್ಟೆಯ ಉಣ್ಣೆಯ ಕಂಬಳಿ ಕಿತ್ತುಕೊಂಡು ಪಿರೆತ್ ಮತ್ತೆ ನೀರಿಗಿಳಿದಳು. ಇಳಿಯುವ ಮುಂಚೆ ಲೀಸಿಯ ಸೊಂಟದ ಪಟ್ಟಿಯನ್ನು ಸಾಲ್ಮೆಯ ಏಪ್ರನ್ನಿನ ದಾರಕ್ಕೆ ಭದ್ರವಾಗಿ ಗಂಟುಹಾಕಿದಳು.

"ನಾನು ನಾಯಿಮರೀನಾ?" ಲೀಸಿ ಮುಖ ಊದಿಸಿದಳು.

"ಇವತ್ತೊಂದಿನ ನಾಯಿಮರಿ. ಅಜ್ಜೀನ ಬಿಟ್ಟು ಹೋಗಬೇಡ."

ಒದ್ದೆ ಬಟ್ಟೆ ಕರುವಿನ ಮೈಗೆ ಅಂಟಿಕೊಂಡಿತು. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದಳು, ಕಲ್ಲು ಇಲ್ಲ.  ಮಂಜುಗಡ್ಡೆಯೂ ಇಷ್ಟು ಚೊಕ್ಕವಾಗಿ ಅದನ್ನು ಒಯ್ದಿರಲಿಲ್ಲ. ಆಮೇಲೆ ಹೊಂಡದ ಅಂಚಿಗೆ ಕಾಲಿಟ್ಟು, ಕಂಬಳಿಯನ್ನು ಕೋಲಿಗೆ ಬಿಗಿದು ಎತ್ತಿ ಹಿಡಿದಳು. ದಂಡೆಯಲ್ಲಿ ಸಾಲ್ಮೆ ಎನಾಮೆಲ್ ಬೋಗುಣಿಗೆ ಸೌಟಿನಿಂದ ಬಡಿಯತೊಡಗಿದಳು.

ಎಷ್ಟು ಹೊತ್ತಾಯಿತೋ. ಕಾಲು ಇದೆಯೆಂಬುದೇ ಮರೆತುಹೋಯಿತು. ತಾನು ಮಾಡಿದ್ದು ತಪ್ಪಾಗಿದ್ದರೆ? ಅವರು ಕರುವನ್ನು ಕಾಣದೆ ಗಾಬರಿಯಾಗಿ ಹಿಂಡಿನ ಮೇಲೇ ತಿರುಗಿಸಿಬಿಟ್ಟರೆ? ಏನೂ ಮಾಡದೆ ಬಿಟ್ಟಿದ್ದರೆ ರೈವೊ ತನ್ನ ಕಣ್ಣಿಂದಲೇ ವ್ಯತ್ಯಾಸ ಕಂಡುಹಿಡಿಯುತ್ತಿದ್ದನೇನೋ. ಕರುವಿನ ಬಟ್ಟೆ ಕಿತ್ತುಹಾಕಲೇ ಎಂದು ಒಮ್ಮೆ ಕೈ ಚಾಚಿದಳು ಕೂಡ. ಅಷ್ಟರಲ್ಲಿ ಎಂಜಿನ್ನಿನ ಸದ್ದು ಕೇಳಿತು. ಏರಿಕ್‌ನ ಎಂಜಿನ್ನು ನಾಲ್ಕು ಬಡಿತಕ್ಕೊಂದು ಕೆಮ್ಮುತ್ತದೆ. ಟಕ್ ಟಕ್ ಟಕ್, ಕೆಮ್ಮು.

ಮಂಜು ತೆಳುವಾಯಿತು. ದೋಣಿಯ ಮೂತಿ ಕಂಡಿತು, ಹಿಂಡಿನ ಆಚೆಬದಿಯಲ್ಲಿ.

"ಕರು ಎಲ್ಲೋ?" ಏರಿಕ್‌ನ ಅರಚು ನೀರಿನ ಮೇಲೆ ಜಾರಿಬಂತು. "ರೈವೊ, ಕರು ಎಲ್ಲಿ ಹೋಯ್ತೋ? ಸೈತಾನ ಹೊತ್ಕೊಂಡು ಹೋದ್ನಾ?"

"ಅಲ್ಲಿ ಏನೋ ಕೆಂಪಗೆ... ನಿಲ್ಸು! ನಿಲ್ಸು ಚಿಕ್ಕಪ್ಪ! ಅದು ಪಿರೆತ್!"

ಎಂಜಿನ್ನು ನಿಂತಿತು. ಬೋಗುಣಿಯ ಸದ್ದೊಂದೇ ಉಳಿಯಿತು.

"ನನ್ನ ಮೇಲೆ ಗೆರೆ ಹಿಡೀರಿ!" ಪಿರೆತ್ ಕೂಗಿದಳು.  "ಕಂಬಳಿ ಹೋರಿಯ ಗದ್ದದಡಿ ಬರಲಿ! ಕರು ನಡೆದಿದೆ! ಮೂರು ಹೆಜ್ಜೆ!"

 ರೈವೊ ಉದ್ದನೆಯ ಗಳ ಇಳಿಸಿ ಮುಂದಿನ ನೀರನ್ನು ತಡವಿದ. ಕಲ್ಲಿಗೆ ತಾಗಿದ ಟಣ್ ಎಂಬ ಸದ್ದು ದಂಡೆಯವರೆಗೆ ಕೇಳಿಸಿತು. ಮೂತಿಯಿಂದ ಒಂದು ಮಾರು ದೂರವೂ ಇರಲಿಲ್ಲ. ಅವನು ಗಳವನ್ನು ಆ ಕಲ್ಲಿಗೇ ಒತ್ತಿ ದೋಣಿಯನ್ನು ಹಿಂದಕ್ಕೆ ತಳ್ಳಿದ, ಪಕ್ಕಕ್ಕೆ ಸರಿಸಿದ, ಮತ್ತೆ ತಡವಿದ. ಈ ಸಲ ಗಳ ಪೂರ್ತಿ ಮುಳುಗಿತು. ಕೆಂಪು ಕಂಬಳಿಯ ಮೇಲೆ ಕಣ್ಣಿಟ್ಟು ಇಬ್ಬರೂ ಒಂದೊಂದೇ ಹುಟ್ಟು ಹಾಕುತ್ತ ಒಳಗೆ ಬಂದರು.

ರೈವೊ ಸೊಂಟದ ನೀರಿಗೆ ಹಾರಿ ಅವಳನ್ನು ಹೊತ್ತು ತಂದ. "ಹುಚ್ಚೀ, ಹುಚ್ಚೀ" ಎನ್ನುವುದು ಬಿಟ್ಟು ಬೇರೆ ಮಾತು ಅವನ ಬಾಯಿಗೆ ಬರಲಿಲ್ಲ. ಏರಿಕ್ ದೋಣಿಯಿಂದಲೇ ಬಾಗಿ ಕರುವಿನ ಮೇಲಿನ ಬಟ್ಟೆಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದ.

"ಒಳ್ಳೆ ಹೊದಿಕೆ," ಎಂದ. "ಪಾಚಿ ಕಲೆ ಹೋಗೋದು ಕಷ್ಟ."

ಸಂಜೆಯ ಮೊದಲೇ ಸಾಲ್ಮೆಯ ಮೆಟ್ಟಿಲ ಮೇಲೆ ಒಂದು ಬಕೆಟ್ ಮೀನು ಕೂತಿತ್ತು. ವರ್ಷದ ಮೊದಲ ಬಲೆಯ ಮೀನು ದೋಣಿಯವರ ಮನೆಗೇ ಹೋಗಬೇಕು, ಅದು ಕ್ರಮ. ತಂದಿಟ್ಟದ್ದು ತಾನಲ್ಲ ಎಂಬಂತೆ ಏರಿಕ್ ಆಗಲೇ ಬೇಲಿ ದಾಟಿ ಹೋಗಿದ್ದ.

ಪಿರೆತ್ ಒಳಗೆ ಸಾಲ್ಮೆಯ ಒಲೆಯ ಪಕ್ಕ ಕಾಲಿಗೆ ಕಂಬಳಿ ಸುತ್ತಿಕೊಂಡು ಕೂತಿದ್ದಳು. ಸಾಲ್ಮೆ ಮೀನನ್ನು ರೈ ಹಿಟ್ಟಿನಲ್ಲಿ ಹೊರಳಿಸಿ ಹುರಿದು, ಕರಿಬ್ರೆಡ್ಡಿನ ಮೇಲಿಟ್ಟು ಕೊಟ್ಟಳು. ಕಾಫಿಗೆ ಸಕ್ಕರೆಯನ್ನು ಪಿರೆತ್ ತಾನೇ ಹಾಕಿಕೊಂಡಳು. ಲೀಸಿ ಮೇಜಿನಡಿಯಲ್ಲಿ ಬೆಕ್ಕಿಗೆ ಮೀನಿನ ತಲೆ ತಿನ್ನಿಸುತ್ತಿದ್ದಳು.

"ಏರಿಕ್ ಮಾವ ಇನ್ನು ಜನ್ಮದಲ್ಲಿ ನಿಮ್ಮ ಕಣ್ಣಿನ ಬಗ್ಗೆ ಮಾತಾಡಲ್ಲ," ಪಿರೆತ್ ನಕ್ಕಳು.

ಸಾಲ್ಮೆ ನಗಲಿಲ್ಲ. ಬಾಣಲೆಯನ್ನು ಒಲೆಯಿಂದ ಇಳಿಸಿ, ಕೈ ಒರೆಸಿಕೊಂಡು, ಎದುರಿಗೆ ಕೂತಳು.

"ಅದೇ ನನಗೆ ಭಯ."

"ಯಾಕೆ?"

"ಮರ ನಾನು ನೋಡಲಿಲ್ಲ ಪಿರೆತ್." ದನಿ ತಗ್ಗಿತು. "ಕಚ್ಚಿನಲ್ಲಿ ಗಲ್ಲ ಇಟ್ಟರೆ ಹೋರಿ ಕಾಣುತ್ತೆ, ದೀಪದ ಕಂಬ ಕಾಣುತ್ತೆ. ನಡುಮಧ್ಯೆ ಒಂದು ಕಪ್ಪು ಕಲೆ. ಹೋದ ಶರತ್ಕಾಲದಿಂದ ಹಾಗೇ. ನಿನ್ನೆ ಕರುವನ್ನ ಹಳೇ ಅಂದಾಜಿನ ಮೇಲೆ ಬರೆಯೋಕೆ ಹೊರಟಿದ್ದೆ. ಈ ಲೀಸಿ ಬಂದು ಕಂಬದ ಕೆಳಗಿನ ಕಲ್ಲು ಹತ್ತಿ, ನನಗಿಂತ ಮುಂಚೆ ಗಲ್ಲ ಊರಿ, 'ಅಜ್ಜಿ, ಕರು ಪಕ್ಕ ಮರ ಇದೆ' ಅಂದಳು. ಸುಳ್ಳು ಹೇಳಬೇಡ ಅಂತ ಗದರಿಸಿದೆ. 'ಇದೆ, ಇಲ್ಲಿ' ಅಂತ ಒದ್ದೆ ಕಾಗದದ ಮೇಲೆ ಹೆಬ್ಬೆರಳಿಟ್ಟು ತೋರಿಸಿದಳು. ಆಮೇಲೆ ಕರುವನ್ನ ಆ ಮರದ ಪಕ್ಕಕ್ಕೆ ಸರಿಸಿ ಬರೆದು, ನಾನು ಕಲ್ಲಿಗೆ ಬೈದಿದ್ದು."

ಪಿರೆತ್‌ಗೆ ಆ ಕೆಂಪು ಕೈಗವಸಿನ ಹೆಬ್ಬೆರಳು ನೆನಪಾಯಿತು. ಕಾಲಿಗೆ ಆಗಷ್ಟೇ ಬಂದಿದ್ದ ಬಿಸುಪು ಮತ್ತೆ ಇಳಿದುಹೋದಂತಾಯಿತು. ಮಗು ಆ ಹೊತ್ತಿಗೆ ಬೇರೆಲ್ಲೋ ಕಪ್ಪೆಚಿಪ್ಪು ಆರಿಸುತ್ತಿದ್ದರೆ?

"ಇನ್ನು ಮೇಲೆ ಅವರಿಬ್ಬರೂ ನಾನು ಬರೆದದ್ದನ್ನ ಕಣ್ಣು ಮುಚ್ಚಿ ನಂಬ್ತಾರೆ," ಸಾಲ್ಮೆ ಮೇಜಿನ ಮೇಲೆ ಕೈ ಚಾಚಿ ಪಿರೆತ್‌ಳ ಮೊಣಕೈ ಹುಡುಕಿ ಹಿಡಿದಳು. ಹೊಗೆಯ ವಾಸನೆಯ ಬೆರಳುಗಳು ಬಿಗಿಯಾಗಿದ್ದವು. "ನಿನ್ನ ಹತ್ತಿರ ಒಂದು ಕೇಳ್ಕೋತೀನಿ. ಏರಿಕ್‌ಗೆ ಹೇಳೋದು ಬಿಡೋದು ನಿನಗೆ ಬಿಟ್ಟದ್ದು. ಬರೋ ವಸಂತದಲ್ಲಿ, ಮಂಜುಗಡ್ಡೆ ಹೋದ ಮಾರನೇ ದಿನ, ಲೀಸೀನ ಒಂದು ಗಂಟೆ ನನಗೆ ಕೊಡು. ನೀನೂ ಬಂದು ಪಕ್ಕದಲ್ಲಿ ಕೂತ್ಕೋ, ದಾರ ಬೇಕಿದ್ರೆ ಕಟ್ಟು. ಅವಳು ಏನೇನು ಎಲ್ಲೆಲ್ಲಿದೆ ಅಂತ ಹೇಳಲಿ. ನಾನು ಬರೀತೀನಿ."